ಕುಂಡದ ಗಿಡದ ನುಸಿ ಮತ್ತು ಅದಕ್ಕೆ ಗುರುತು ಕೊಟ್ಟ ಹ್ಯಾಲಿಡೇ

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸುತ್ತ ಭತ್ತ ಬೆಳೆಯುವವರಿಗೆ ನುಸಿ ಹೊಸದಲ್ಲ. ಸಸಿಮಡಿಯಲ್ಲಿ ಎಲೆಯ ತುದಿ ಸುರುಳಿ ಸುತ್ತಿ ಒಣಗಿದರೆ ಅದು ಥ್ರಿಪ್ಸ್ ನುಸಿ. ಆದರೆ ಪಡಸಾಲೆಯ ಕುಂಡದ ಗಿಡದಲ್ಲಿ ಎಲೆ ಬಿಳಿಚಿ, ಅಡಿಯಲ್ಲಿ ಕರಿ ಚುಕ್ಕೆ ಬಿದ್ದರೆ ನಾವು ಅದನ್ನು ಧೂಳು ಎಂದುಕೊಳ್ಳುತ್ತೇವೆ, ಇಲ್ಲವೇ ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಅಲ್ಲಿರುವುದೂ ಥ್ರಿಪ್ಸ್ ಆಗಿರಬಹುದು. ಅದನ್ನು ಗುರುತಿಸುವ ದಾರಿ ತೋರಿದವರಲ್ಲಿ ದೊಡ್ಡ ಹೆಸರು ಅಲೆಕ್ಸಾಂಡರ್ ಹೆನ್ರಿ ಹ್ಯಾಲಿಡೇ ಅವರದು.

ಹ್ಯಾಲಿಡೇ ಹುಟ್ಟಿದ್ದು 1806ರಲ್ಲಿ, ಐರ್ಲೆಂಡಿನ ಹಾಲಿವುಡ್ ಎಂಬ ಊರಿನಲ್ಲಿ (ಸಿನಿಮಾದ ಹಾಲಿವುಡ್ ಅಲ್ಲ!). ಓದಿದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಮನಸ್ಸು ಹೋದದ್ದು ಯಾರೂ ಕಣ್ಣೆತ್ತಿ ನೋಡದ ಸಣ್ಣ ಕಣಜಗಳು, ನೊಣಗಳು ಮತ್ತು ಥ್ರಿಪ್ಸ್ ಕಡೆಗೆ.

ಥ್ರಿಪ್ಸ್ ಎಂಬ ಹೆಸರನ್ನು 1758ರಲ್ಲಿ ಬಳಸಿದ ಲಿನೇಯಸ್, ಅವನ್ನು ತಿಗಣೆ, ಸಸ್ಯಹೇನುಗಳ ಗುಂಪಿಗೆ ಸೇರಿಸಿದ್ದರು. 1836ರಲ್ಲಿ, ಮೂವತ್ತೂ ತುಂಬದ ಹ್ಯಾಲಿಡೇ, ಇವು ಬೇರೆಯದೇ ಗಣ ಎಂದು ತೋರಿಸಿ ಥೈಸನಾಪ್ಟೆರಾ ಎಂದು ಕರೆದರು. ರೆಕ್ಕೆಯ ಅಂಚಿಗೆ ಸೆರಗಿನ ಕುಚ್ಚಿನಂಥ ಕೂದಲಿರುವ ಕೀಟ ಎಂದು ಅರ್ಥ. ಮಿಲಿಮೀಟರು, ಒಂದೂವರೆ ಮಿಲಿಮೀಟರಿನ ಹುಳದಲ್ಲಿ ಅದನ್ನು ಕಾಣಲು ಎಷ್ಟು ತಾಳ್ಮೆ ಬೇಕು, ನೀವೇ ಯೋಚಿಸಿ.

ಅವರು ಇನ್ನೂ ಮುಂದೆ ಹೋದರು. ಹೆಣ್ಣಿನ ಹಿಂತುದಿಯಲ್ಲಿ ಗರಗಸದಂಥ ಅಂಗವಿದ್ದರೆ ಒಂದು ಗುಂಪು, ತುದಿ ಕೊಳವೆಯಂತಿದ್ದರೆ ಇನ್ನೊಂದು. ಈ ವಿಂಗಡಣೆ ಇಂದಿಗೂ ನಡೆಯುತ್ತಿದೆ, ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಫೈಕಸ್ ಬೆಂಜಮಿನಾ ಗಿಡದ ಎಲೆ ಮಡಿಚಿಕೊಂಡಿದ್ದರೆ ಬಿಡಿಸಿ ನೋಡಿ. ಒಳಗಿನ ಕರಿ ಹುಳದ ಬಾಲ ಕೊಳವೆಯಾಗಿರುತ್ತದೆ, ಮೊಟ್ಟೆಗಳೂ ಅಲ್ಲೇ ಕಾಣುತ್ತವೆ. ಗರಗಸದ ಗುಂಪಿನ ಗ್ರೀನ್‌ಹೌಸ್ ಥ್ರಿಪ್ಸ್ ಹಾಗಲ್ಲ, ಎಲೆಯನ್ನೇ ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಎಲೆ ಒರೆಸಿದ ಮೇಲೂ ಹುಳ ಮರಳುವುದು ಇದಕ್ಕೇ. ಇದರ ಮೈ ಕಪ್ಪು, ಕಾಲು ತಿಳಿ ಹಳದಿ. ಮರಿಗಳು ಬಾಲದ ತುದಿಯಲ್ಲಿ ಮಲದ ಹನಿ ಹೊತ್ತು ತಿರುಗುತ್ತವೆ, ಆ ಕರಿ ಚುಕ್ಕೆಗಳು ಅದೇ.

ನಮ್ಮ ಮಾತಿನಲ್ಲಿ ನುಸಿ ಎಂದರೆ ಮೈಟ್ ಕೂಡ ಹೌದು, ತೊಡಕು ಇರುವುದೇ ಇಲ್ಲಿ. ಬೆಳೆದ ಮೈಟ್‌ಗೆ ಎಂಟು ಕಾಲು, ಥ್ರಿಪ್ಸ್‌ಗೆ ಆರು. ಮೈಟ್‌ಗೆಂದೇ ಮಾಡಿದ ಔಷಧಿಯನ್ನು ಥ್ರಿಪ್ಸ್‌ಗೆ ಹೊಡೆದರೆ ದುಡ್ಡೂ ದಂಡ, ಮಕ್ಕಳು ಓಡಾಡುವ ಕೋಣೆಯಲ್ಲಿ ವಿಷವೂ ಉಳಿಯುತ್ತದೆ. ಮೊದಲು ಬಿಳಿ ಹಾಳೆಯ ಮೇಲೆ ಎಲೆ ಕೊಡವಿ, ಭೂತಕನ್ನಡಿ ಹಿಡಿಯಿರಿ.

ಹ್ಯಾಲಿಡೇ ಕೊನೆಯ ವರ್ಷಗಳನ್ನು ಇಟಲಿಯ ಲುಕ್ಕಾದಲ್ಲಿ ಕಳೆದು 1870ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಗ್ರಹ ಡಬ್ಲಿನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಗ್ರೀನ್‌ಹೌಸ್ ಥ್ರಿಪ್ಸ್‌ಗೆ ಅವರಿಟ್ಟ ಹೀಲಿಯೋಥ್ರಿಪ್ಸ್ ಎಂಬ ಕುಲನಾಮ ಉಳಿದಿದೆ. ಜಾತಿನಾಮ ಮಾತ್ರ ಉಳಿಯಲಿಲ್ಲ, ಜರ್ಮನಿಯ ಬೂಶೆ ಮೂರು ವರ್ಷ ಮೊದಲೇ, 1833ರಲ್ಲಿ, ಅದಕ್ಕೆ ಹೆಸರಿಟ್ಟಾಗಿತ್ತು.