ಬಂದೂಕು ಬಿಟ್ಟು ಹಕ್ಕಿ ಗುರುತಿಸಿದ ಗ್ರಿಸ್ಕಂ

ನೂರು ವರ್ಷಗಳ ಹಿಂದೆ ಅಪರೂಪದ ಹಕ್ಕಿ ಕಂಡೆನೆಂದರೆ ಪಂಡಿತರು ಸುಲಭವಾಗಿ ನಂಬುತ್ತಿರಲಿಲ್ಲ. ಹೊಡೆದು ತಂದು ತೋರಿಸಬೇಕಿತ್ತು. ಅಮೆರಿಕದಲ್ಲಿ ಈ ರೂಢಿಯನ್ನು ಬದಲಿಸಿದವರಲ್ಲಿ ಲಡ್ಲೋ ಗ್ರಿಸ್ಕಂ ಪ್ರಮುಖರು.

ಅವರು 1890ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ವಸಂತದಲ್ಲಿ ರಾತ್ರಿಯಿಡೀ ಉತ್ತರಕ್ಕೆ ಹಾರುವ ಪುಟ್ಟ ಹಕ್ಕಿಗಳು ಬೆಳಗಾಗುತ್ತಲೇ ಆ ನಗರದ ಸೆಂಟ್ರಲ್ ಪಾರ್ಕಿನ ಮರಗಳಿಗೆ ಇಳಿಯುತ್ತವೆ. ಸುತ್ತಲೂ ಕಟ್ಟಡಗಳೇ ಇರುವುದರಿಂದ ಅವುಗಳಿಗೆ ಅದೇ ಆಸರೆ. ಅವುಗಳನ್ನು ಗ್ರಿಸ್ಕಂ ದುರ್ಬೀನಿನಲ್ಲಿ ನೋಡಿ, ಮೈಮೇಲಿನ ಗುರುತು, ಕೂಗು, ಹಾರುವ ರೀತಿಯಿಂದಲೇ ಹೆಸರಿಸುತ್ತಿದ್ದರು.

ಹಿರಿಯರೊಬ್ಬರು ಒಪ್ಪಲಿಲ್ಲ. ಮರದಲ್ಲಿದ್ದ ಮಂಕು ಬಣ್ಣದ ಹಕ್ಕಿಯನ್ನು ಗ್ರಿಸ್ಕಂ ಕೇಪ್ ಮೇ ವಾರ್ಬ್ಲರಿನ ಹೆಣ್ಣೆಂದರು. ಹೊಡೆದು ಕೆಳಗಿಳಿಸಿ ನೋಡಿದಾಗ ಅವರ ಮಾತೇ ನಿಜವಾಗಿತ್ತು. ಹಕ್ಕಿಯ ಜೀವ ಮಾತ್ರ ಹೋಗಿತ್ತು.

1923ರಲ್ಲಿ ಅವರು ನ್ಯೂಯಾರ್ಕ್ ಸುತ್ತಲಿನ ಹಕ್ಕಿಗಳ ಕುರಿತು ಪುಸ್ತಕ ಬರೆದರು. 1927ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ ಸೇರಿದರು. ಬ್ರಾಂಕ್ಸ್ ಬಡಾವಣೆಯ ಹಕ್ಕಿ ಹುಚ್ಚಿನ ಹುಡುಗರಿಗೆ ಅವರೇ ಗುರು. ಅವರ ವಿಧಾನ ಕಲಿತ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಅದನ್ನು ಚಿತ್ರಗಳೊಂದಿಗೆ ಕೈಪಿಡಿಯಾಗಿಸಿ ಜನಸಾಮಾನ್ಯರಿಗೆ ತಲುಪಿಸಿದರು.

ಗ್ರಿಸ್ಕಂ 1959ರ ಮೇ 28ರಂದು ನಿಧನರಾದರು. ವಲಸೆ ಹಕ್ಕಿಗಳು ಉತ್ತರಕ್ಕೆ ಸಾಗುವ ಕಾಲವದು. ಇಂದು ರೈತನಾಗಲಿ, ಶಾಲಾ ಬಾಲಕನಾಗಲಿ ಹೊಸ ಹಕ್ಕಿ ಕಂಡರೆ ಕೊಲ್ಲದೆಯೇ ದಾಖಲಿಸಬಹುದು.