ಬಾಬಾಸಾಹೇಬರು ಪಡೆದದ್ದು, ಕೊಟ್ಟದ್ದು

ಏಪ್ರಿಲ್ ಬಂತಂದ್ರ ನಮ್ಮ ಹುಡುಗರು ಪಾವತಿ ಪುಸ್ತಕ ಹಿಡಿದು ಪಟ್ಟಿ ಎತ್ತಲು ಹೊರಡತಾರ. ನಿಮ್ಮ ಬಾಗಿಲಿಗೂ ಬಂದಿರತಾರ, ನೀವೂ ಕೈಲಾದಷ್ಟು ಕೊಟ್ಟಿರತೀರಿ. ಆಮೇಲೆ ಶುರುವಾಗುವ ವಾದವೂ ನಿಮಗೆ ಗೊತ್ತು. ಹೆಚ್ಚು ಕೊಟ್ಟವರಿಗೆ ವೇದಿಕೆ ಮ್ಯಾಲ ಖುರ್ಚಿ, ಮೈಮ್ಯಾಲ ಶಾಲು, ಬ್ಯಾನರಿನಾಗ ಫೋಟೋ ಬೇಕೋ ಬ್ಯಾಡೋ? ಬೀಡಿ ಕಟ್ಟಿ ಬಂದ ರೊಕ್ಕದಾಗ ಇಪ್ಪತ್ತು ರೂಪಾಯಿ ಕೊಟ್ಟ ಮುದುಕಿಗೆ ಬರೀ ಪಾವತಿ ಸಾಕೇನು? ಪುಣ್ಯ ಬರಲಿ ಅಂತ ಅಕ್ಕಲಕೋಟದ ಅನ್ನಛತ್ರಕ್ಕೆ ಕೊಡುವವರು ಇದ್ದಾರೆ, ಹೆತ್ತವರ ನೆನಪಿಗೆ ಕೊಡುವವರು ಇದ್ದಾರೆ, ಹೆಸರಿಗಾಗಿ ಕೊಡುವವರೂ ಇದ್ದಾರೆ. ಬಾಬಾಸಾಹೇಬರ ಹೋರಾಟದ ಕಥೆ ನಮಗೆಲ್ಲ ಬಾಯಿಪಾಠ. ಅವರ ಬದುಕಿನ ಜಮಾ-ಖರ್ಚು ಮಾತ್ರ ನಾವು ಓದಿದ್ದು ಕಡಿಮೆ. ಈ ಸಲ ಅದನ್ನ ನೋಡೋಣ ಬರ್ರಿ.

1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀಮರಾವ್ 1907ರಲ್ಲಿ ಮ್ಯಾಟ್ರಿಕ್ ಪಾಸಾದರು. ಅಸ್ಪೃಶ್ಯರ ಹುಡುಗ ಮ್ಯಾಟ್ರಿಕ್ ಆದದ್ದೇ ದೊಡ್ಡ ಸುದ್ದಿ, ಮುಂಬಯಿಯಲ್ಲಿ ಒಂದು ಅಭಿನಂದನಾ ಸಭೆ ಆಯಿತು. ಅಲ್ಲಿ ಕೃಷ್ಣರಾವ್ ಕೇಳುಸ್ಕರ್ ಗುರುಜಿ ತಾವೇ ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಅದರ ಬೆಲೆ ಎಷ್ಟಿದ್ದೀತು? ಆದರೆ ಆ ಪುಸ್ತಕ 49 ವರ್ಷದ ನಂತರ ನಾಗಪುರದಲ್ಲಿ ಏನು ಮಾಡಿತು ಅಂಬೋದು ನಿಮಗೆ ಹೇಳಬೇಕಾಗಿಲ್ಲ.

ತಂದೆ ರಾಮಜಿ ಸುಭೇದಾರರ ಕೈಯಲ್ಲಿ ಕಾಲೇಜಿಗೆ ಕೊಡುವಷ್ಟು ಹಣ ಇರಲಿಲ್ಲ. ಕೇಳುಸ್ಕರ್ ಗುರುಜಿಯೇ ಹುಡುಗನನ್ನು ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ಹತ್ತಿರ ಕರೆದೊಯ್ದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಬಿ.ಎ. ಆದ ಮೇಲೆ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸುವ ಮಾತು ಬಂತು. ಆಗ, 1913ರ ಜೂನ್‌ನಲ್ಲಿ, ಒಂದು ಕರಾರಿಗೆ ಸಹಿ ಹಾಕಬೇಕಾಯಿತು. ಓದು ಮುಗಿಸಿ ಬಂದು 10 ವರ್ಷ ಬಡೋದೆ ಸಂಸ್ಥಾನದ ನೌಕರಿ ಮಾಡಬೇಕು ಅಂತ.

ಕರಾರು ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಸಂಸ್ಥಾನದ ರೊಕ್ಕ, ಪ್ರಜೆಗಳು ಕಟ್ಟಿದ ತೆರಿಗೆ. ಪ್ರತಿಯಾಗಿ ಸೇವೆ ಕೇಳಿದರೆ ಅನ್ಯಾಯವೇನಿಲ್ಲ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದಾಗ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬಂದು ಅಂಬೇಡ್ಕರರು ಬಡೋದೆಗೆ ಹೋದರು, ಮಾತು ಉಳಿಸಿಕೊಳ್ಳಲಿಕ್ಕೆ. ಅಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಇಡೀ ಊರಿನಲ್ಲಿ ಇರಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಗುಟ್ಟಾಗಿ ಉಳಿದರೆ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಒಂದು ತೋಟದ ಮರದ ಕೆಳಗೆ ಕೂತು ಅತ್ತು, ರಾತ್ರಿ ಗಾಡಿಗೆ ಮುಂಬಯಿಗೆ ಮರಳಿದರು. ಇಷ್ಟಾದ ಮೇಲೆ ಸಂಸ್ಥಾನದಿಂದ ಪತ್ರ ಬಂತು: ಓದಿಗೆ ಕೊಟ್ಟ ಹಣ ತಿರುಗಿ ಕೊಡಿ.

ನೋಡ್ರಿ, ಸಯಾಜಿರಾವ್ ಮಹಾರಾಜರ ಮನಸ್ಸು ದೊಡ್ಡದೇ. ಅವರ ಉಪಕಾರವನ್ನು ನಾವು ಮರೆಯುವುದಿಲ್ಲ. ಆದರೆ ಕೊಟ್ಟವನು ಪ್ರತಿಫಲ ಕೇಳಿದಾಗ ಕೊಟ್ಟವನ ಮ್ಯಾಲೂ ಒಂದು ಸಾಲ ಬೀಳತೈತಿ. ದುಡಿ ಅಂದ ಮೇಲೆ ದುಡಿಯುವವನು ನೀರು ಕುಡಿಯೋದೆಲ್ಲಿ, ಮಲಗೋದೆಲ್ಲಿ ಅಂತ ನೋಡಬೇಕಾಗತೈತಿ. ಆ ಕಲಮು ಕರಾರಿನಲ್ಲಿ ಇರಲಿಲ್ಲ.

ಕೊಲ್ಹಾಪುರದ ಶಾಹೂ ಮಹಾರಾಜರ ರೀತಿ ಬೇರೆ. 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಶುರುವಾಗಲು 2,500 ರೂಪಾಯಿ ಕೊಟ್ಟರು. ಅವರಿಗೂ ತಮ್ಮ ಲೆಕ್ಕ ಇತ್ತು ಅನ್ನಿ, ಬ್ರಾಹ್ಮಣೇತರ ಚಳವಳಿಗೆ ಜೊತೆಗಾರರು ಬೇಕಾಗಿದ್ದರು. ಯಾರೂ ಒಂದೇ ಕಾರಣಕ್ಕೆ ಕೊಡುವುದಿಲ್ಲ. ಆದರೆ ಆ ವರ್ಷ ಮಾರ್ಚ್‌ನಲ್ಲಿ ಮಾಣಗಾವ ಪರಿಷತ್ತಿಗೆ ಬಂದ ಮಹಾರಾಜರು ತಮಗೆ ಸತ್ಕಾರ ಮಾಡಿಸಿಕೊಂಡು ಹೋಗಲಿಲ್ಲ. ನಿಮ್ಮ ನಾಯಕ ನಿಮ್ಮವರಲ್ಲೇ ಸಿಕ್ಕಿದ್ದಾನೆ ಅಂತ ಜನರಿಗೆ ಹೇಳಿ, ರೊಕ್ಕ ಪಡೆದವನನ್ನೇ ಮುಂದೆ ನಿಲ್ಲಿಸಿದರು. ಅದೇ ವರ್ಷ ಅಂಬೇಡ್ಕರರು ಮತ್ತೆ ಲಂಡನ್ನಿಗೆ ಹೊರಟಾಗ ಶಾಹೂ ಮಹಾರಾಜರು 1,500 ರೂಪಾಯಿ ಕೊಟ್ಟರು, ಪಾರ್ಸಿ ಗೆಳೆಯ ನವಲ್ ಭಥೇನಾ 5,000 ಸಾಲ ಕೊಟ್ಟರು. ಉಳಿದದ್ದು ಸಿಡೆನಹ್ಯಾಮ್ ಕಾಲೇಜಿನ ಪ್ರಾಧ್ಯಾಪಕ ಸಂಬಳದಲ್ಲಿ ಹೊಟ್ಟೆ ಕಟ್ಟಿ ಉಳಿಸಿದ್ದು.

ಆ ಹೊಟ್ಟೆ ಕಟ್ಟಿದವರಲ್ಲಿ ಮೊದಲಿನವರು ರಮಾಬಾಯಿ. ಯಾವ ಪಾವತಿಯಲ್ಲೂ ಅವರ ಹೆಸರಿಲ್ಲ. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ತಾಯಿ, ಗಂಡ ಪರದೇಶದಲ್ಲಿದ್ದಾಗ ಮುಂಬಯಿಯ ಚಾಳಿನಲ್ಲಿ ಸಂಸಾರ ತೂಗಿಸಿದವರು. ಅವರು ಬಯಸಿದ್ದು ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದ ವಿಠೋಬನ ದರ್ಶನ. ಅಸ್ಪೃಶ್ಯರು ಹೊರಗೇ ನಿಲ್ಲಬೇಕಾದ ಆ ಗುಡಿಗೆ ಬಾಬಾಸಾಹೇಬರು ಕರೆದೊಯ್ಯಲಿಲ್ಲ. 1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಮುಂದೆ ಪಾಕಿಸ್ತಾನದ ಬಗ್ಗೆ ಬರೆದ ಪುಸ್ತಕವನ್ನು ಅವರು ರಾಮೂವಿನ ನೆನಪಿಗೆ ಅರ್ಪಿಸಿದರು.

ಈಗ ನಮ್ಮ ಊರಿಗೆ ಬರೋಣ. 1924ರ ಜುಲೈ 20ರಂದು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಅದು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು, 1925ರ ಜನವರಿ 4ರಂದು ಸೊಲ್ಲಾಪುರದಲ್ಲಿ ತೆರೆದ ವಸತಿನಿಲಯ. ಗಿರಣಿಗಳ ಈ ಊರಿನಲ್ಲಿ ನಮ್ಮ ಮಕ್ಕಳು ಹೈಸ್ಕೂಲು ಓದಲಿಕ್ಕೆ ಮೊದಲು ಬೇಕಾದದ್ದು ಇರಲು ಜಾಗ, ಎರಡು ಹೊತ್ತು ಊಟ. ಸೊಲ್ಲಾಪುರ ನಗರಸಭೆ ತಿಂಗಳಿಗೆ 40 ರೂಪಾಯಿ ಅನುದಾನ ಕೊಟ್ಟಿತು. ಊಟ, ಬಟ್ಟೆ, ಪುಸ್ತಕದ ಭಾರ ಸಭೆಯದು. ನಿಲಯ ನಡೆಸಿದವರು ಜೀವಪ್ಪ ಐದಾಳೆ. ಅಲ್ಲಿ ಹುಡುಗರಿಂದ ಬರೆಸಿಕೊಂಡ ಕರಾರಿನ ಮಾತೇ ನಾನು ಎಲ್ಲೂ ಓದಿಲ್ಲ. ಆದರೂ ಹುಡುಗರು ಸುಮ್ಮನೆ ಕೂಡಲಿಲ್ಲ. ಸಭೆಯ ಪ್ರೋತ್ಸಾಹದಿಂದ 'ಸರಸ್ವತಿ ವಿಲಾಸ' ಎಂಬ ಮಾಸಿಕವನ್ನು ವಿದ್ಯಾರ್ಥಿಗಳೇ ಹೊರತಂದರು. ನೀವು ಈಗ ಕೈಯಲ್ಲಿ ಹಿಡಿದಿರುವಂಥ ಸಂಚಿಕೆಗಳಿಗೆ ಅದು ಅಣ್ಣ ಇದ್ದಂತೆ. 1937ರ ಚುನಾವಣೆಯಲ್ಲಿ ಐದಾಳೆಯವರನ್ನು ಸ್ವತಂತ್ರ ಮಜೂರ ಪಕ್ಷದಿಂದ ಮುಂಬಯಿ ವಿಧಾನಸಭೆಗೆ ಆರಿಸಿ ಕಳಿಸಿದರು. ಇದನ್ನು ಬಹುಮಾನ ಅಂತೀರೋ? ಇನ್ನೂ ಹೆಚ್ಚಿನ ದುಡಿಮೆ ಅಂತ ನಾನಂತೀನಿ.

ದಾನದ ಬಗ್ಗೆ ಬಾಬಾಸಾಹೇಬರು ತಮ್ಮ ವಿಚಾರ ಗಟ್ಟಿಯಾಗಿ ಮುಂದಿಟ್ಟದ್ದು 1932ರಲ್ಲಿ. ಪುಣೆ ಒಪ್ಪಂದ ಆದ ಬೆನ್ನಿಗೇ ಅಸ್ಪೃಶ್ಯತೆ ನಿವಾರಣೆಗೆ ಒಂದು ಸಂಘ ಹುಟ್ಟಿತು, ಮುಂದೆ ಅದೇ ಹರಿಜನ ಸೇವಕ ಸಂಘ. ಅಧ್ಯಕ್ಷರು ಘನಶ್ಯಾಮದಾಸ ಬಿರ್ಲಾ, ಕಾರ್ಯದರ್ಶಿ ಠಕ್ಕರ್ ಬಾಪಾ. ಮೊದಲ ಮಂಡಳಿಯಲ್ಲಿ ಬಾಬಾಸಾಹೇಬರೂ ಇದ್ದರು. ದುಂಡುಮೇಜಿನ ಪರಿಷತ್ತಿಗೆ ಹೋಗುವಾಗ ಹಡಗಿನಿಂದಲೇ, ನವೆಂಬರ್ 14ರಂದು, ಠಕ್ಕರರಿಗೆ ಉದ್ದನೆಯ ಪತ್ರ ಬರೆದರು. ನಾಲ್ಕು ಹುಡುಗರಿಗೆ ವಿದ್ಯಾರ್ಥಿವೇತನ ಕೊಟ್ಟರೆ ಸಾಲದು, ಬಾವಿ, ಶಾಲೆ, ಊರಿನ ಚೌಕ ಎಲ್ಲರಿಗೂ ತೆರೆಯುವಂತೆ ಹಕ್ಕಿಗಾಗಿ ಹೋರಾಡಬೇಕು ಅನ್ನುವುದು ಅದರ ಸಾರ. ಉತ್ತರ ಬರಲಿಲ್ಲ. ಅವರು ಸಂಘದಿಂದ ದೂರವಾದರು.

ಸಂಘ ಶಾಲೆ ತೆರೆಯಿತು, ವೇತನ ಕೊಟ್ಟಿತು, ಸುಳ್ಳಲ್ಲ. ಆದರೆ ಅದನ್ನು ನಡೆಸುವ ಅಧಿಕಾರದಲ್ಲಿ ನಮ್ಮವರಿಗೆ ಪಾಲಿರಲಿಲ್ಲ. ಇದು ಸವರ್ಣರ ಪ್ರಾಯಶ್ಚಿತ್ತ, ಸಾಲ ತೀರಿಸುವವರು ಅವರು, ಆದ್ದರಿಂದ ನಡೆಸುವವರೂ ಅವರೇ ಎಂಬುದು ಗಾಂಧೀಜಿಯವರ ನಿಲುವು. ಸಾಲ ತೀರಿಸುವವ ಸಾಹುಕಾರನನ್ನು ಕೇಳದೇ ಲೆಕ್ಕ ಬರಕೋತಾನೇನ್ರಿ? ಇಂಥ ದಾನ ಪಡೆದವನಲ್ಲಿ ದಾಸ್ಯ ಬೆಳೆಸುತ್ತದೆ, ಕೊಟ್ಟವನ ವಿರುದ್ಧ ಬಾಯಿ ತೆರೆಯದಂತೆ ಮಾಡುತ್ತದೆ ಎಂದು ಬಾಬಾಸಾಹೇಬರು ಕಡೆತನಕ ಸಾಧಿಸಿದರು. ಕೊಟ್ಟವನಿಗೆ ಸಿಗುವ ಅತಿ ದೊಡ್ಡ ಪ್ರತಿಫಲ ಶಾಲು ಅಲ್ಲ, ಪಡೆದವನ ಮೌನ. ಮಂಡಳದ ತಮ್ಮಂದಿರೇ, ಶಾಲಿನ ವಾದ ಮಾಡುವಾಗ ಇದನ್ನೂ ಕೇಳ್ರಿ: ರೊಕ್ಕ ಕೊಟ್ಟ ಪುಢಾರಿ ನಾಳೆ ನಮ್ಮ ಓಣಿಯ ನೀರು, ಗಟಾರದ ಮಾತು ಬಂದಾಗ ಕೈಕೊಟ್ಟರೆ ನಾವು ಎದ್ದು ಮಾತಾಡತೀವೇನು?

1938ರ ಜನವರಿಯಲ್ಲಿ ಸೊಲ್ಲಾಪುರ ನಗರಸಭೆ ಬಾಬಾಸಾಹೇಬರಿಗೆ ಮಾನಪತ್ರ ಕೊಟ್ಟಿತು. ಹಿಂದೆ ತಮಗೆ ಇಲ್ಲಿ ಕೈಜೋಡಿಸಿದ್ದ ಡಾ. ವಿ. ವಿ. ಮುಳೆಯವರನ್ನು ಅವರು ಆಗ ನೆನೆದರು. ವ್ಯಕ್ತಿಪೂಜೆ ಬೇಡ ಎಂದೂ ಅದೇ ಸತ್ಕಾರ ಸಭೆಯಲ್ಲಿ ಹೇಳಿದರು.

1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಮರುವರ್ಷ ಸಿದ್ಧಾರ್ಥ ಕಾಲೇಜು, ಆಮೇಲೆ ಔರಂಗಾಬಾದಿನ ಕಾಲೇಜು. ಹಳ್ಳಿಯ ನಾಲ್ಕಾಣೆಯಿಂದ ಸರ್ಕಾರದ ನೆರವಿನವರೆಗೆ ಎಲ್ಲವನ್ನೂ ಪಡೆದು ಕೆಲಸ ಮಾಡಿದ ಮನುಷ್ಯ ಕೊನೆಗೆ ತನ್ನ ಜನರಿಗೇ ಕೊಡುವುದನ್ನು ಕೇಳಿದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಆಯಿತು. ಮರುದಿನದ ಭಾಷಣದಲ್ಲಿ, ಪ್ರತಿಯೊಬ್ಬರೂ ತಮ್ಮ ಗಳಿಕೆಯ 20ರಲ್ಲಿ 1 ಪಾಲು ಧಮ್ಮದ ಕೆಲಸಕ್ಕೆ ಕೊಡಬೇಕೆಂದು ಕೇಳಿಕೊಂಡರು. ನೂರು ಗಳಿಸಿದವರು ಐದು, ಸಾವಿರ ಗಳಿಸಿದವರು ಐವತ್ತು. ಬೀಡಿ ಕಟ್ಟುವ ಮುದುಕಿಗೂ ಬಂಗಲೆಯವರಿಗೂ ಅಳತೆ ಒಂದೇ. ಆ ಪಾಲು ಕೂಡಿಸುವ ವ್ಯವಸ್ಥೆ ಕಟ್ಟಲಿಕ್ಕೆ ಅವರಿಗೆ ಉಳಿದದ್ದು 52 ದಿನ. ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು.