ದೊಡ್ಡ ಸ್ವಾಮಿಯವರೆನಿಸಿಕೊಂಡ ಅಬ್ಬೆ ಡುಬಾಯ್

ಮಂಗಳೂರಿನ ರೋಮನ್ ಕಥೋಲಿಕರ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದ ಒಂದು ಸೆರೆಯ ಕಥೆಯುಂಟು. ಇಸ್ರಾಯೇಲ್ಯರಿಗೆ ಬಾಬೆಲಿನ ಸೆರೆಯು ಹೇಗೋ ಇವರಿಗೆ ಶ್ರೀರಂಗಪಟ್ಟಣದ ಸೆರೆಯು ಹಾಗೆ. ಆ ಸೆರೆಯು ತೀರಿದ ಮೇಲೆ ಚದರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಕೂಡಿಸಿದವರಲ್ಲಿ ಅಬ್ಬೆ ಡುಬಾಯ್ ಎಂಬ ಫ್ರೆಂಚ್ ಪಾದ್ರಿಗಳು ಒಬ್ಬರು. ಜನರು ಇವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಇವರು ನಮ್ಮ ಸಭೆಯವರಲ್ಲದಿದ್ದರೂ ಇವರ ನಡತೆಯಿಂದಲೂ ಇವರ ತಪ್ಪಿನಿಂದಲೂ ನಾವು ಕಲಿಯತಕ್ಕದ್ದು ಇರುವದರಿಂದ ಇವರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಇವರು 1765ರ ಸುಮಾರಿನಲ್ಲಿ ಫ್ರಾನ್ಸ್ ದೇಶದ ಆರ್ದೆಶ್ ಪ್ರಾಂತದಲ್ಲಿ ಹುಟ್ಟಿದರು. 1792ರಲ್ಲಿ ಪಾದ್ರಿಗಳಾಗಿ ನೇಮಿಸಲ್ಪಟ್ಟು ಅದೇ ವರುಷ ಸ್ವದೇಶವನ್ನು ಬಿಟ್ಟು ಹಡಗು ಹತ್ತಿದರು. ಪುದುಚೇರಿಗೆ ಬಂದು ದಕ್ಷಿಣ ಸೀಮೆಗಳಲ್ಲಿ ಸೇವೆಗೆ ತೊಡಗಿದ ಮೇಲೆ ಪರದೇಶದ ಉಡುಪನ್ನು ತೆಗೆದಿಟ್ಟು ಈ ದೇಶದವರ ಉಡುಪನ್ನು ಧರಿಸಿದರು, ಮಾಂಸಾಹಾರವನ್ನು ತೊರೆದರು, ಜನರ ಭಾಷೆಯನ್ನೂ ಆಚಾರಗಳನ್ನೂ ಅವರ ನಡುವೆ ವಾಸಿಸಿಯೇ ಕಲಿತರು. ಹೀಗೆ ಏಳು ವರುಷ ಕಳೆದ ತರುವಾಯ ಅವರಿಗೆ ಮೈಸೂರು ಸೀಮೆಯಿಂದ ಕರೆ ಬಂತು. ಆ ಕರೆ ಯಾತಕ್ಕೆ ಬಂತೆಂಬದನ್ನು ತಿಳಿಯಬೇಕಾದರೆ ನಮ್ಮ ಮಂಗಳೂರಿಗೆ ಹಿಂದಿರುಗಬೇಕು.

1783ರಲ್ಲಿ ಮಂಗಳೂರಿನ ಕೋಟೆಯು ಇಂಗ್ಲಿಷರ ಕೈಯಲ್ಲಿತ್ತು. ಟಿಪ್ಪುಸುಲ್ತಾನನು ಅನೇಕ ತಿಂಗಳು ಅದಕ್ಕೆ ಮುತ್ತಿಗೆ ಹಾಕಿ 1784ರ ಜನವರಿ ತಿಂಗಳ ಕೊನೆಯಲ್ಲಿ ಅದನ್ನು ವಶಮಾಡಿಕೊಂಡನು. ಕರಾವಳಿಯ ಕ್ರೈಸ್ತರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಅಪವಾದವು ಅವರ ಮೇಲೆ ಬಂತು. ಕೆಲವರು ನೆರವಾದದ್ದು ನಿಜವಿದ್ದೀತು. ಆದರೆ ಶಿಕ್ಷೆಯು ಕೆಲವರ ಮೇಲೆ ಬರದೆ ಸಮಸ್ತರ ಮೇಲೆಯೂ, ತೊಟ್ಟಿಲ ಕೂಸುಗಳ ಮೇಲೆಯೂ ಬಂತು. ಆ ವರುಷ ಉಪವಾಸಕಾಲದ ಆರಂಭದಲ್ಲಿ ಸೈನಿಕರು ಏಕಕಾಲದಲ್ಲಿ ಊರೂರುಗಳಲ್ಲಿ ಮನೆಗಳನ್ನು ಸುತ್ತುಗಟ್ಟಿದರೆಂದು ಹೇಳುತ್ತಾರೆ. ಗದ್ದೆ, ತೋಟ, ದನಕರುಗಳು ಸರಕಾರದ ವಶವಾದವು. ಹಂಪನಕಟ್ಟೆಯಲ್ಲಿ 1680ರಲ್ಲಿ ಕಟ್ಟಲ್ಪಟ್ಟಿದ್ದ ಮಿಲಾಗ್ರಿಸ್ ದೇವಾಲಯವೂ ಇನ್ನನೇಕ ದೇವಾಲಯಗಳೂ ಕೆಡವಲ್ಪಟ್ಟವು. ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ಕಾವಲಿನೊಳಗೆ ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹು ಮಂದಿ. ಸೆರೆಗೆ ಹೋದವರ ಲೆಕ್ಕವನ್ನು ಡುಬಾಯ್ ಅವರು 60,000ಕ್ಕೆ ಮಿಕ್ಕಿತೆಂದು ಬರೆದಿದ್ದಾರೆ. ಅದೇ ಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷನು 30,000 ಎಂದು ಬರೆದಿದ್ದಾನೆ. ಬಹುಜನರಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಪ್ರಾಯದವರನ್ನು ಸೈನ್ಯಕ್ಕೆ ಸೇರಿಸಿದರು. ಕೊಡಗರೂ ಮಲೆಯಾಳದ ನಾಯರರೂ ಇಂಥದೇ ಸೆರೆಯನ್ನು ಅನುಭವಿಸಿದರು.

1799ನೆಯ ಮೇ 4ರಲ್ಲಿ ಶ್ರೀರಂಗಪಟ್ಟಣವು ಬಿತ್ತು. ಸುಲ್ತಾನನು ಯುದ್ಧದಲ್ಲಿ ಮಡಿದನು. ಸೆರೆಯ ಬಾಗಲು ತೆರೆಯಿತು. ಆದರೆ ಹದಿನೈದು ವರುಷ ಕಳೆದಿದ್ದವು. ತೊಟ್ಟಿಲಲ್ಲಿ ಬಂದ ಕೂಸುಗಳು ಪ್ರಾಯಕ್ಕೆ ಬಂದಿದ್ದವು; ಅವರಿಗೆ ತಂದೆಯ ಊರೂ ತಿಳಿಯದು, ತಾಯಿಯ ಪ್ರಾರ್ಥನೆಯೂ ತಿಳಿಯದು. ಆಗ ಕರ್ನಲ್ ವೆಲ್ಲೆಸ್ಲಿಯವರು ಡುಬಾಯ್ ಅವರನ್ನು ಕರೆಯಿಸಿ, ಚದರಿದ ಕ್ರೈಸ್ತರನ್ನು ತಿರಿಗಿ ಸಭೆಯಾಗಿ ಕೂಡಿಸಬೇಕೆಂದು ಕೇಳಿಕೊಂಡರು. ಡುಬಾಯ್ ಅವರು ಬಂದರು. ಬಲಾತ್ಕಾರದಿಂದ ಮತವನ್ನು ಬಿಟ್ಟಿದ್ದವರಲ್ಲಿ ಸುಮಾರು 1,800 ಮಂದಿಯನ್ನು ಅವರು ಮತ್ತೆ ಸಭೆಗೆ ಸೇರಿಸಿದರೆಂದು ಹೇಳಲ್ಪಟ್ಟಿದೆ. ಸೆರೆಯಿಂದ ಉಳಿದವರಲ್ಲಿ ಬಹುಜನರು ಘಟ್ಟವಿಳಿದು ಕನ್ನಡ ಜಿಲ್ಲೆಗೆ ಹಿಂದಿರುಗಿ, ಪರರ ವಶವಾಗಿದ್ದ ಭೂಮಿಗಳನ್ನು ಕೇಳಿ, ಬಿದ್ದ ದೇವಾಲಯಗಳನ್ನು ಪುನಃ ಕಟ್ಟಿದರು.

ಡುಬಾಯ್ ಅವರು ಮೈಸೂರು ಸೀಮೆಯಲ್ಲಿಯೇ ನಿಂತರು. ಆತ್ಮಕ್ಕೆ ಬೋಧಿಸಿ ಹೊಟ್ಟೆಯನ್ನು ಮರೆಯುವವರು ಅವರಾಗಿರಲಿಲ್ಲ. ನೆಲೆಯಿಲ್ಲದ ಬಡ ಕ್ರೈಸ್ತರು ಬೇಸಾಯ ಮಾಡಿ ಬದುಕುವಂತೆ ಹಾಸನದ ಸಮೀಪದ ಸಾತಹಳ್ಳಿಯಲ್ಲಿ ನೆಲೆಯೊಂದನ್ನು ಸ್ಥಾಪಿಸಿದರು. ಸಿಡುಬಿನಿಂದ ಊರುಗಳು ಬರಿದಾಗುತ್ತಿದ್ದ ಆ ಕಾಲದಲ್ಲಿ ದೇವಿ ಹಾಕುವ ಹೊಸ ವಿಧಾನವನ್ನು ಜನರಲ್ಲಿ ಹಬ್ಬಿಸಲು ಶ್ರಮಪಟ್ಟರು. ಹಿಂದೂ ಜನರ ಆಚಾರ ವ್ಯವಹಾರಗಳ ವಿಷಯವಾದ ಅವರ ಗ್ರಂಥವನ್ನು ಮದ್ರಾಸಿನ ಸರಕಾರವು 2,000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. ಆ ಗ್ರಂಥದ ಬಹುಭಾಗಕ್ಕೆ ಹಿಂದಿನ ಕಾಲದ ಕೇರ್ದು ಎಂಬ ಪಾದ್ರಿಗಳ ಬರಹವೇ ಆಧಾರವೆಂದು 1987ರಲ್ಲಿ ಪ್ರಕಟವಾದ ವಿದ್ವಾಂಸರ ಶೋಧನೆಯಿಂದ ತಿಳಿದುಬಂದಿದೆ. ಪರರ ಶ್ರಮವನ್ನು ಹೆಸರಿಸದೆ ಬಿಟ್ಟದ್ದು ತಪ್ಪೇ ಸರಿ.

ಆದರೆ ನಾವು ಹೆಚ್ಚಾಗಿ ಆಲೋಚಿಸತಕ್ಕದ್ದು ಇನ್ನೊಂದು ತಪ್ಪನ್ನು. 1823ರಲ್ಲಿ ಅವರು ಈ ದೇಶವನ್ನು ಬಿಟ್ಟುಹೋದರು. ಅದೇ ವರುಷ, ಹಿಂದೂಸ್ಥಾನದ ಕ್ರೈಸ್ತರ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು ಲಂಡನಿನಲ್ಲಿ ಅಚ್ಚಾದವು. ಅವುಗಳಲ್ಲಿ ಶ್ರೀರಂಗಪಟ್ಟಣದ ಸೆರೆಯನ್ನು ವಿವರಿಸಿ, ಇಷ್ಟು ಸಹಸ್ರ ಜನರೊಳಗೆ ನಂಬಿಕೆಗಾಗಿ ಪ್ರಾಣಕೊಡುವ ಧೈರ್ಯವುಳ್ಳವನು ಒಬ್ಬನಾದರೂ ಇರಲಿಲ್ಲವೆಂದು ಆ ಜನರನ್ನು ನಾಚಿಕೆಗೆ ಗುರಿಮಾಡಿದರು. ಇವರು ಇಂಥ ಮಾತನ್ನು ಬರೆಯಬಹುದಿತ್ತೇ? 1784ರಲ್ಲಿ ಇವರು ಫ್ರಾನ್ಸಿನಲ್ಲಿದ್ದ ಹತ್ತೊಂಬತ್ತು ವರುಷದ ಹುಡುಗನು. ಘಟ್ಟದ ದಾರಿಯನ್ನು ಕಾವಲುಗಾರರ ಕೆಳಗೆ ನಡೆದವರಲ್ಲ. ಸೆರೆಯಲ್ಲಿ ಮಗುವು ಹಸಿದು ಅಳುವದನ್ನು ಕೇಳಿದವರಲ್ಲ. ಅಲ್ಲಿದ್ದು ಕಣ್ಣಾರೆ ಕಂಡ ಸ್ಕರಿಯಾದರೋ, ತಮ್ಮ ಹೆಣ್ಣುಮಕ್ಕಳನ್ನು ಒಪ್ಪಿಸಲು ನಿರಾಕರಿಸಿದ ಕ್ರೈಸ್ತರು ಮೂಗು ಕಿವಿಗಳನ್ನು ಕಳಕೊಂಡರೆಂದು ಬರೆದಿದ್ದಾನೆ. ಧೈರ್ಯವಿಲ್ಲದವರು ಹಾಗೆ ನಿರಾಕರಿಸುವರೋ?

ಪ್ರಿಯ ವಾಚಕರೇ, ಮಹಾಯಾಜಕನ ಅಂಗಳದ ಬೆಂಕಿಯ ಬಳಿಯಲ್ಲಿ ಪೇತ್ರನು ಏನು ಮಾಡಿದನೆಂಬದು ನಮಗೆಲ್ಲರಿಗೂ ಗೊತ್ತು. ಕೋಳಿ ಕೂಗಿದ ಮೇಲೆ ಕರ್ತನು ಅವನನ್ನು ತಳ್ಳಿಬಿಡಲಿಲ್ಲ. ಕೆರೆಯ ದಡದಲ್ಲಿ ಅವನಿಗೆ ಊಟವನ್ನು ಸಿದ್ಧಮಾಡಿದನು. ಡುಬಾಯ್ ಅವರು ಶ್ರೀರಂಗಪಟ್ಟಣದಲ್ಲಿ ಮಾಡಿದ್ದು ಇಂಥದೇ ಕಾರ್ಯವಾಗಿತ್ತು. ಅವರ ಕೈಯು ಅವರ ಲೇಖಣಿಗಿಂತ ಒಳ್ಳೆಯದಾಗಿತ್ತು.

ಫ್ರಾನ್ಸಿನಲ್ಲಿ ಅವರು ಪಾರಿಸಿನ ಮಿಶನ್ ಸಂಸ್ಥೆಗೆ ಮೇಲಧಿಕಾರಿಗಳಾಗಿದ್ದ ಕಾಲದಲ್ಲಿಯೇ, 1838ರಲ್ಲಿ, ಅಮೇರಿಕದಲ್ಲಿ ಚೆರೋಕೀ ಎಂಬ ಮೂಲನಿವಾಸಿಗಳನ್ನು ಸೈನಿಕರು ಪಿತ್ರಾರ್ಜಿತ ಭೂಮಿಯಿಂದ ಹೊರಡಿಸಿ ನೂರಾರು ಹರದಾರಿ ನಡಿಸಿದರು. ಸುಮಾರು 16,000 ಜನರಲ್ಲಿ 4,000 ಮಂದಿ ಸತ್ತರೆಂದು ಎಣಿಕೆ. ಅದನ್ನು ಮಾಡಿಸಿದ ಅಧಿಕಾರಿಗಳು ಕ್ರೈಸ್ತರೆನಿಸಿಕೊಂಡವರು. ಆದದರಿಂದ ಈ ಪಾಪವನ್ನು ಒಂದು ಮತದವರ ತಲೆಗೆ ಕಟ್ಟಿ ನೆರೆಯ ಮುಸಲ್ಮಾನರನ್ನು ಹಗೆಮಾಡುವದು ನಮಗೆ ತಕ್ಕದ್ದಲ್ಲ. ಶೃಂಗೇರಿಯ ಮಠಕ್ಕೆ ಸಹಾಯ ಕಳುಹಿಸಿದವನೂ ಇದೇ ಸುಲ್ತಾನನು. ಭಯವೂ ಭೂಮಿಯಾಶೆಯೂ ಅಧಿಕಾರದೊಂದಿಗೆ ಕೂಡಿದರೆ ಯಾವ ಮತದ ಮನುಷ್ಯನೂ ನೆರೆಯವನನ್ನು ಮನೆಯಿಂದ ಎಬ್ಬಿಸಿ ಓಡಿಸಬಲ್ಲನು.

ಡುಬಾಯ್ ಅವರು 1848ರಲ್ಲಿ ಪಾರಿಸಿನಲ್ಲಿ ತೀರಿಕೊಂಡರು. ನಮ್ಮ ಸಭೆಗಳಲ್ಲಿಯೂ ಬರಗಾಲದಲ್ಲಿಯೋ ಧಣಿಯ ಬೆದರಿಕೆಯಿಂದಲೋ ಬಂಧುಗಳ ಹಿಂಸೆಯಿಂದಲೋ ಹಿಂಜರಿದು, ಬಹುಕಾಲದ ಮೇಲೆ ಬಾಗಲ ಬಳಿಯಲ್ಲಿ ಬಂದು ನಿಲ್ಲುವವರುಂಟು. ಅಂಥವನನ್ನು ಕಂಡಾಗ, ನೀನು ಯಾಕೆ ಸಾಯಲಿಲ್ಲವೆಂದು ಕೇಳದೆ, ಒಳಗೆ ಕರೆದು ಚಾಪೆಯನ್ನು ಹಾಸಿ ಕೂಡ್ರಿಸೋಣ.